ಎರಡು ಗಾಜಿನ ನಡುವಿನ ಹನಿ

ಸೆಪ್ಟೆಂಬರ್ ಕೊನೆಯಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಹೆಚ್ಚಾಗಿ ನಾಲ್ಕೈದು ಮಂದಿ ಸೇರಿ ಹಳೆಯ ಬಾಡಿಗೆ ಮನೆಯೊಂದನ್ನು ಹಿಡಿಯುತ್ತಾರೆ. ನವೆಂಬರಿನ ಚಳಿ ಶುರುವಾಗುವ ಹೊತ್ತಿಗೆ ಊರಿಗೆ ಮಾಡುವ ಫೋನಿನಲ್ಲಿ ಇಂಥದೊಂದು ದೂರು ಬರುವುದುಂಟು.

“ಅಮ್ಮಾ, ರೂಮಿನ ಕಿಟಕಿಗೆ ಮಂಜು ಹಿಡಿದುಬಿಟ್ಟಿದೆ. ಎಷ್ಟು ಒರೆಸಿದರೂ ಹೋಗ್ತಾ ಇಲ್ಲ.”

“ಹೊರಗಡೆಯಿಂದ ಒರೆಸಿ ನೋಡೇ.”

“ಅದೂ ಆಯ್ತು. ಮಂಜು ಒಳಗೂ ಇಲ್ಲ, ಹೊರಗೂ ಇಲ್ಲ. ನಡುವೆ ಇದೆ.”

ಗಾಜಿಗೆ ಒಳಗು, ಹೊರಗು ಬಿಟ್ಟು ನಡುವೆ ಎಂಬುದು ಎಲ್ಲಿಂದ ಬಂತು ಎಂದು ಧಾರವಾಡದಲ್ಲೋ ಹಾಸನದಲ್ಲೋ ಕುಳಿತ ತಾಯಿಗೆ ಬಗೆಹರಿಯುವುದಿಲ್ಲ. ನಮ್ಮ ಕಿಟಕಿಗೆ ಇರುವುದು ಒಂದೇ ಗಾಜು. ಆದರೆ ಇಂಗ್ಲೆಂಡಿನಲ್ಲಿ ಇಂದು ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮನೆಗಳಿಗೆ ಜೋಡಿ ಗಾಜಿನ ಕಿಟಕಿಗಳಿವೆ. ಎರಡು ಗಾಜುಗಳನ್ನು ಒಂದು ಬೆರಳಿನಷ್ಟು ಅಂತರದಲ್ಲಿ ನಿಲ್ಲಿಸಿ, ಅಂಚನ್ನೆಲ್ಲ ಅಂಟಿನಿಂದ ಮುಚ್ಚಿ, ನಡುವಿನ ಗಾಳಿ ಹೊರಗೆ ಹೋಗದಂತೆ, ಹೊರಗಿನ ತೇವ ಒಳಗೆ ಬರದಂತೆ ಮೊಹರು ಮಾಡಿದ ಗಾಜಿನ ಪೆಟ್ಟಿಗೆ ಅದು. ಆ ಮೊಹರು ಸೋತಾಗ ಕಾಣಿಸಿಕೊಳ್ಳುವುದೇ ಒರೆಸಲಾಗದ ಈ ಮಂಜು. ಕಿಟಕಿ ಸತ್ತಿದೆ ಎಂದು ಅಲ್ಲಿಯ ಗಾಜಿನ ಕೆಲಸದವರು ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ.

ಹಾಗಾದರೆ ಇಂಥ ಕಿಟಕಿಯ ಆಯುಸ್ಸು ಎಷ್ಟು? ಅದು ಸಾಯುವುದು ಏಕೆ? ಉತ್ತರ ಹುಡುಕುತ್ತ ಹೋದರೆ ಪಿಯುಸಿ ಭೌತಶಾಸ್ತ್ರದ ಅರ್ಧ ಪುಸ್ತಕವೇ ಆ ಒಂದು ಬೆರಳಿನ ಅಂತರದಲ್ಲಿ ತೆರೆದುಕೊಳ್ಳುತ್ತದೆ.

ಮೂರು ಬಗೆಯ ಮಂಜು

ಮೊದಲು ಮಂಜಿನ ವಿಚಾರ. ಕಿಟಕಿಯ ಮೇಲೆ ಮಂಜು ಕಂಡಕೂಡಲೇ ಕಿಟಕಿ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಅದು ಯಾವ ಮುಖದ ಮೇಲೆ ಕೂತಿದೆ ಎಂಬುದನ್ನು ನೋಡಬೇಕು.

ಕೋಣೆಯ ಕಡೆಯ ಮುಖದ ಮೇಲೆ ಕೂತಿದ್ದರೆ ತಪ್ಪು ಕಿಟಕಿಯದಲ್ಲ, ಕೋಣೆಯದು. ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆ, ಮಲಗಿದವರ ಉಸಿರು ಇವೆಲ್ಲ ಸೇರಿ ಕೋಣೆಯ ಗಾಳಿ ತೇವವಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇಕಡ 50ರಷ್ಟು ತೇವಾಂಶವಿರುವ ಗಾಳಿ ಸುಮಾರು 9 ಡಿಗ್ರಿಗೆ ತಣಿದರೆ ಸಾಕು, ನೀರು ಹನಿಯುತ್ತದೆ. ಇದೇ ಇಬ್ಬನಿ ಬಿಂದು. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮುಖ ಸುಮಾರು 5 ಡಿಗ್ರಿಗೆ ಇಳಿದಿರುತ್ತದೆ. ಹಾಗಾಗಿ ನೀರು ಧಾರೆಯಾಗಿ ಹರಿದು ಚೌಕಟ್ಟಿನ ಮರವನ್ನು ಕೊಳೆಸುತ್ತದೆ. ಸಾಧಾರಣ ಜೋಡಿ ಗಾಜಿನಲ್ಲಿ ಒಳಮುಖ 12-13 ಡಿಗ್ರಿ ಇರುತ್ತದೆ. ಇನ್ನೂ ಒಳ್ಳೆಯ, ಆರ್ಗಾನ್ ತುಂಬಿದ ಕಿಟಕಿಯಲ್ಲಾದರೆ 17ರ ಹತ್ತಿರ. ಜೋಡಿ ಗಾಜು ಜನರಿಗೆ ಪ್ರಿಯವಾಗಲು ಇಂಧನದ ಉಳಿತಾಯ ಒಂದು ಕಾರಣವಾದರೆ, ಈ ಒಣ ಕಿಟಕಿ ಇನ್ನೊಂದು.

ಎರಡನೆಯದು ಹೊರಮುಖದ ಮಂಜು. ನಿರಭ್ರ ರಾತ್ರಿ ಕಳೆದ ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಬೀಳುವಂತೆ ಕಿಟಕಿಯ ಹೊರಗಾಜಿನ ಮೇಲೂ ಬೀಳುತ್ತದೆ. ಮನೆಯೊಳಗಿನ ಶಾಖ ಹೊರಗಾಜಿಗೆ ತಲುಪುತ್ತಿಲ್ಲ ಎಂಬುದರ ಗುರುತು ಅದು. ಹೊಸ ಕಿಟಕಿ ಹಾಕಿಸಿದವರು ಇದನ್ನು ಕಂಡು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವುದುಂಟು. ನಿಜಕ್ಕೂ ಸಂತೋಷಪಡಬೇಕು!

ಮೂರನೆಯದೇ ನಡುವಿನ ಮಂಜು. ಇದಕ್ಕೆ ಮದ್ದಿಲ್ಲ.

ಆಮ್ಲದ ಲೋಟದಿಂದ ಮಣಿಗಳವರೆಗೆ

ಎರಡು ಕಿಟಕಿಗಳನ್ನು ಒಂದರ ಹಿಂದೆ ಒಂದು ಇಡುವುದು ಚಳಿ ದೇಶಗಳಲ್ಲಿ ಹಳೆಯ ಪದ್ಧತಿ. ರಷ್ಯದಲ್ಲಿ ಚಳಿಗಾಲ ಬಂತೆಂದರೆ ಎರಡನೆಯ ಚೌಕಟ್ಟನ್ನು ಕೂಡಿಸಿ, ಸಂದುಗಳಿಗೆ ಕಾಗದ ಅಂಟಿಸಿ, ನಡುವೆ ಹತ್ತಿಯ ಸುರುಳಿ ಇಡುತ್ತಿದ್ದರು. ಕೆಲವು ಮನೆಗಳಲ್ಲಿ ಎರಡು ಗಾಜುಗಳ ನಡುವೆ ಒಂದು ಪುಟ್ಟ ಲೋಟದಲ್ಲಿ ಗಂಧಕಾಮ್ಲವನ್ನೋ ಉಪ್ಪನ್ನೋ ಇಡುವ ರೂಢಿಯಿತ್ತು. ಅದು ನಡುವಿನ ಗಾಳಿಯ ತೇವವನ್ನು ಹೀರಿಕೊಂಡು ಗಾಜು ಮಸುಕಾಗದಂತೆ ಕಾಯುತ್ತಿತ್ತು. ವಸಂತ ಬಂದಾಗ ಎಲ್ಲವನ್ನೂ ಬಿಚ್ಚಿ ಒರೆಸಿ ಎತ್ತಿಡುವುದು. ಕೆಲಸ ಹೆಚ್ಚು, ಆದರೆ ಎಲ್ಲವೂ ಕೈಗೆ ಸಿಗುವಂಥದು.

ಎರಡು ಗಾಜುಗಳನ್ನು ಶಾಶ್ವತವಾಗಿ ಕೂಡಿಸಿ ಮುಚ್ಚಿಬಿಡುವ ಯೋಚನೆಗೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಮನೆಮನೆಯ ಸರಕಾಗಲು ಮಾತ್ರ ಮುಕ್ಕಾಲು ಶತಮಾನ ಹಿಡಿಯಿತು. ಗಾಜಿನ ಅಂಚಿಗೆ ಲೋಹವನ್ನು ಬೆಸೆಯುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧವಾಗಿ, ಲಿಬ್ಬಿ-ಓವೆನ್ಸ್-ಫೋರ್ಡ್ ಕಂಪನಿ ಅದನ್ನು ‘ಥರ್ಮೋಪೇನ್’ ಎಂಬ ಹೆಸರಿನಲ್ಲಿ ಮಾರಿತು. ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ ರುಮೇನಿಯದಲ್ಲಿ ಇಂದಿಗೂ ಯಾವ ಕಂಪನಿಯ ಜೋಡಿ ಗಾಜಿಗೂ ‘ಟೆರ್ಮೋಪಾನ್’ ಎಂದೇ ಹೆಸರು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ ಒಳ್ಳೆಯ ಗಾಜು ಅಗ್ಗವಾಯಿತು. ಮುಂದೆ ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿದಾಗ ಜೋಡಿ ಗಾಜು ಮಾರುವವರು ಬ್ರಿಟನ್ನಿನ ಮನೆಮನೆಯ ಬಾಗಿಲು ತಟ್ಟತೊಡಗಿದರು.

ಇಂದಿನ ಕಿಟಕಿಯಲ್ಲಿ ಗಂಧಕಾಮ್ಲದ ಲೋಟದ ಕೆಲಸವನ್ನು ಮಾಡುವುದು ಜಿಯೋಲೈಟ್ ಎಂಬ ಖನಿಜದ ಸಣ್ಣ ಮಣಿಗಳು. ಗಾಜುಗಳ ನಡುವಿನ ಅಂತರ ಕಾಯುವ ಟೊಳ್ಳು ಪಟ್ಟಿಯೊಳಗೆ ಇವನ್ನು ತುಂಬಿರುತ್ತಾರೆ. ಪಟ್ಟಿಗೆ ಒಳಮುಖದಲ್ಲಿ ಸೂಜಿಮೊನೆಯಂಥ ರಂಧ್ರಗಳು. ಮಣಿಯ ಹರಳಿನಲ್ಲಿರುವ ಕಿಂಡಿ ಸುಮಾರು 3 ಆಂಗ್‌ಸ್ಟ್ರಮ್ ಅಗಲ, ಅಂದರೆ ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಅಂಥ ಮೂರು ಭಾಗ. ನೀರಿನ ಅಣು ಅದರಲ್ಲಿ ತೂರುತ್ತದೆ. ಸಾರಜನಕ, ಆರ್ಗಾನ್ ತೂರುವುದಿಲ್ಲ. ತನ್ನ ತೂಕದ ಐದನೆಯ ಒಂದರಷ್ಟು ನೀರನ್ನು ಹೀರಿಕೊಳ್ಳಬಲ್ಲ ಈ ಮಣಿಗಳ ದೆಸೆಯಿಂದ ಹೊಸ ಕಿಟಕಿಯ ಒಳಗಾಳಿ ಎಷ್ಟು ಒಣಗಿರುತ್ತದೆಂದರೆ, ಸೊನ್ನೆಗಿಂತ ಐವತ್ತು ಅರವತ್ತು ಡಿಗ್ರಿ ಕೆಳಗೆ ತಣಿಸಿದರೂ ಅದರಲ್ಲಿ ಮಂಜು ಕಟ್ಟುವುದಿಲ್ಲ.

ಆದರೆ ಮಣಿಗಳ ಹೊಟ್ಟೆಗೂ ಮಿತಿಯುಂಟು. ಅಂಚಿನ ಅಂಟಿನ ಮೂಲಕ ದಿನವೂ ಒಂದಿಷ್ಟು ನೀರಾವಿ ನುಸುಳುತ್ತಲೇ ಇರುತ್ತದೆ. ಪೂರ್ತಿ ಬಿಗಿಯಾದ ಅಂಟು ಎಂಬುದು ಇಲ್ಲವೇ ಇಲ್ಲ. ಮಣಿಗಳು ತುಂಬಿದ ದಿನದಿಂದ ಒಳಗಿನ ತೇವ ಏರುತ್ತ ಹೋಗುತ್ತದೆ. ಒಂದು ಚಳಿಯ ಬೆಳಿಗ್ಗೆ ಮೂಲೆಯಲ್ಲಿ ತೆಳುವಾದ ಮಬ್ಬು ಕಾಣಿಸಿ, ಬಿಸಿಲು ಏರಿದಾಗ ಮಾಯವಾಗುತ್ತದೆ. ಮುಂದಿನ ಚಳಿಗಾಲ ಅದು ಇಡೀ ಗಾಜನ್ನು ಆವರಿಸುತ್ತದೆ. ಹಾಗೆಯೇ ಬಿಟ್ಟರೆ ನೀರು ಗಾಜಿನಿಂದ ಸೋಡಿಯಮ್ ಅಂಶವನ್ನು ಎಳೆದು ಕ್ಷಾರವಾಗಿ ಗಾಜನ್ನೇ ಕೊರೆದು ಬಿಳಿಯ ಕಲೆ ಉಳಿಸುತ್ತದೆ. ಗಾಜಿಗೆ ತೂತು ಕೊರೆದು ಒಳಗಿನ ತೇವ ಒಣಗಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಮಂಜು ಹೋದೀತು, ಹೋದ ಅನಿಲ, ತುಂಬಿದ ಮಣಿ ಹಿಂದಕ್ಕೆ ಬರುವುದಿಲ್ಲ.

ದಿನಕ್ಕೊಂದು ಉಸಿರು

ಅಂಟು ಸುಮ್ಮನೆ ಕುಳಿತಲ್ಲೇ ಮುಪ್ಪಾಗುವುದಿಲ್ಲ. ಅದಕ್ಕೆ ದಿನವೂ ಕಸರತ್ತು ಇರುತ್ತದೆ.

ಮುಚ್ಚಿದ ಪೆಟ್ಟಿಗೆಯ ಅನಿಲ ಕಾದರೆ ಒತ್ತಡ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ರಾತ್ರಿ 10 ಡಿಗ್ರಿ ಇದ್ದ ಕಿಟಕಿ ಹಗಲಿನ ಬಿಸಿಲಿಗೆ 40 ಡಿಗ್ರಿ ಮುಟ್ಟಿತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ 283ರಿಂದ 313. ಗಾಜು ಸ್ವಲ್ಪವೂ ಬಗ್ಗದಿದ್ದರೆ ಒಳಗಿನ ಒತ್ತಡ ನೂರಕ್ಕೆ ಹತ್ತೂವರೆಯಷ್ಟು ಏರುತ್ತಿತ್ತು. ಒಂದು ಚದರ ಮೀಟರ್ ಗಾಜಿನ ಮೇಲೆ ಒಂದು ಟನ್ ಭಾರ ಹೇರಿದಂತೆ! ಅದೃಷ್ಟಕ್ಕೆ ಗಾಜು ಬಗ್ಗುತ್ತದೆ. ಎರಡೂ ಗಾಜುಗಳು ಹೊಟ್ಟೆ ಉಬ್ಬಿಸಿಕೊಂಡು ಒಳಗಿನ ಜಾಗವನ್ನು ಹಿಗ್ಗಿಸಿ ಒತ್ತಡವನ್ನು ಇಳಿಸುತ್ತವೆ. ರಾತ್ರಿ ತಣಿದಾಗ ಒಳಕ್ಕೆ ಬಾಗುತ್ತವೆ. ಎದುರು ಮನೆಯ ಪ್ರತಿಬಿಂಬ ಜೋಡಿ ಗಾಜಿನಲ್ಲಿ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ ಕಾಣುವುದು ಇದರಿಂದಲೇ.

ಹೀಗೆ ಕಿಟಕಿ ಉಸಿರಾಡುವಾಗ ಎಳೆತಕ್ಕೆ ಸಿಗುವುದು ಅಂಚಿನ ಅಂಟು. ದಿನಕ್ಕೊಂದು ಸಲವಾದರೂ ಇಪ್ಪತ್ತು ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಸಲ ಹಿಗ್ಗಿ ಕುಗ್ಗಬೇಕು. ದೊಡ್ಡ ಕಿಟಕಿಗೇ ಕಷ್ಟ ಹೆಚ್ಚು ಎಂದು ತೋರಬಹುದು. ಆದರೆ ಸಂಗತಿ ತಿರುಗುಮುರುಗು. ದೊಡ್ಡ ಗಾಜು ಸುಲಭವಾಗಿ ಬಾಗಿ ಒತ್ತಡವನ್ನು ನೀಗಿಕೊಳ್ಳುತ್ತದೆ; ಬಚ್ಚಲಮನೆಯ ಪುಟ್ಟ ಕಿಟಕಿಯ ಗಾಜು ಬಾಗದೆ ಬಿಗುಮಾನದಿಂದ ನಿಲ್ಲುವುದರಿಂದ ಎಳೆತವೆಲ್ಲ ಅಂಟಿಗೇ ಬೀಳುತ್ತದೆ.

ಎತ್ತರವೂ ಒಂದು ಶತ್ರು. ಸಮುದ್ರಮಟ್ಟದಲ್ಲಿ ಮೊಹರು ಮಾಡಿದ ಕಿಟಕಿಯನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಹತ್ತರಷ್ಟು ಕಡಿಮೆ. ಒಂದು ಚದರ ಮೀಟರಿನ, 12 ಮಿಲಿಮೀಟರ್ ಅಂತರದ ಕಿಟಕಿಯಲ್ಲಿ 12 ಲೀಟರ್ ಗಾಳಿ ಇರುತ್ತದೆ. ಅದು ಹಿಗ್ಗಿ ಒಂದು ಲೀಟರಿಗಿಂತ ಹೆಚ್ಚು ಜಾಗ ಕೇಳುತ್ತದೆ. ಒಂದೊಂದು ಗಾಜೂ ನಟ್ಟನಡುವೆ ಒಂದೂವರೆ ಮಿಲಿಮೀಟರಿನಷ್ಟು ಉಬ್ಬಿಯೇ ನಿಲ್ಲಬೇಕು. ಲೆಕ್ಕ ಮಾಡಿ ನೋಡಲು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಅಮೆರಿಕದ ಬೆಟ್ಟದ ಸೀಮೆಗೆ ಹೋಗುವ ಕಿಟಕಿಗಳಿಗೆ ಈ ಕಾರಣಕ್ಕೇ ಕೂದಲಿನಂಥ ಕೊಳವೆಯೊಂದನ್ನು ಜೋಡಿಸಿ ದಾರಿಯುದ್ದಕ್ಕೂ ಒತ್ತಡ ಸಮನಾಗಲು ಬಿಡುವುದುಂಟು.

ಬೋಸ್ಟನ್ನಿನ ಪ್ಲೈವುಡ್ ಅರಮನೆ

ಅಂಟು ಗಟ್ಟಿಯಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅದಕ್ಕೆ ಬೋಸ್ಟನ್ ನಗರ ತೆತ್ತ ಬೆಲೆಯನ್ನು ನೋಡಬೇಕು. ಮನೆಯ ಕಿಟಕಿಯ ಕಥೆಯಲ್ಲ ಅದು, ಆದರೆ ಮನೆಯ ಕಿಟಕಿ ಮಾಡುವವರೆಲ್ಲ ಓದಿಕೊಂಡ ಪಾಠ.

ಜಾನ್ ಹ್ಯಾಂಕಾಕ್ ವಿಮಾ ಕಂಪನಿಗಾಗಿ ಅಲ್ಲಿ ಅರವತ್ತು ಅಂತಸ್ತಿನ ಗಾಜಿನ ಗೋಪುರವೊಂದು ಏಳುತ್ತಿತ್ತು. ಐ. ಎಂ. ಪೇ ಅವರ ಸಂಸ್ಥೆಯ ಹೆನ್ರಿ ಕಾಬ್ ಅದರ ವಾಸ್ತುಶಿಲ್ಪಿ. ಒಟ್ಟು 10,344 ಕಿಟಕಿಗಳು. ಒಂದೊಂದೂ ನಾಲ್ಕು ಅಡಿ ಅಗಲ, ಹನ್ನೊಂದು ಅಡಿ ಎತ್ತರದ ಜೋಡಿ ಗಾಜು, ಸುಮಾರು 225 ಕಿಲೋ ತೂಕ. 1973ರ ಜನವರಿಯ ಒಂದು ಬಿರುಗಾಳಿಯ ರಾತ್ರಿ ಈ ಗಾಜುಗಳು ಒಡೆದು ಕೆಳಗಿನ ಬೀದಿಗೆ ಬೀಳತೊಡಗಿದವು. ಬಿದ್ದ ಜಾಗಕ್ಕೆಲ್ಲ ಪ್ಲೈವುಡ್ ಹಲಗೆ ಹೊಡೆದರು. ಎಕರೆಗಟ್ಟಲೆ ಹಲಗೆ ಕಂಡು ಜನ ಅದಕ್ಕೆ ‘ಪ್ಲೈವುಡ್ ಅರಮನೆ’ ಎಂದು ಹೆಸರಿಟ್ಟರು. ಗಾಳಿ ಗಂಟೆಗೆ 45 ಮೈಲಿ ದಾಟಿದರೆ ಪೊಲೀಸರು ಸುತ್ತಲಿನ ಬೀದಿಗಳನ್ನು ಮುಚ್ಚುತ್ತಿದ್ದರು.

ಕಟ್ಟಡ ಗಾಳಿಗೆ ತೂಗಾಡುವುದರಿಂದ ಹೀಗಾಯಿತು ಎಂದು ಎಲ್ಲರ ಊಹೆ. ನಿಜವಾದ ಕಾರಣ ಒಂದು ಬೆರಳಿನ ಅಂತರದಲ್ಲಿತ್ತು. ಎರಡು ಗಾಜುಗಳ ನಡುವಿನ ಪಟ್ಟಿಯನ್ನು ಸೀಸದ ಬೆಸುಗೆಯಿಂದ ಗಾಜಿನ ಪ್ರತಿಫಲಕ ಲೇಪಕ್ಕೆ ಕಚ್ಚಿಸಿದ್ದರು. ಆ ಬೆಸುಗೆ ಎಷ್ಟು ಗಟ್ಟಿಯೆಂದರೆ ಕಿಟಕಿ ಉಸಿರಾಡುವಾಗ ಒಂದಿಷ್ಟೂ ಬಿಟ್ಟುಕೊಡಲಿಲ್ಲ. ದಿನದ ಎಳೆತದಲ್ಲಿ ಬೆಸುಗೆಯ ಬದಲು ಗಾಜೇ ಚಕ್ಕೆಯೆದ್ದು ಬಿರುಕು ಬಿಟ್ಟಿತು. ಕಡೆಗೆ ಅಷ್ಟೂ ಕಿಟಕಿಗಳನ್ನು ತೆಗೆದು ಹದ ಮಾಡಿದ ಒಂಟಿ ಗಾಜು ಹಾಕಿದರು. ಗೋಪುರ ಉದ್ಘಾಟನೆಯಾದದ್ದು 1976ರಲ್ಲಿ.

ಇಂದು ಮನೆಯ ಕಿಟಕಿಗೆ ಎರಡು ಅಂಟುಗಳ ಕಟ್ಟು. ಒಳಗಡೆ ಬ್ಯುಟೈಲ್ ಎಂಬ ಕಪ್ಪು ಮೇಣದಂಥ ರಬ್ಬರು. ಅದಕ್ಕೆ ಬಲವಿಲ್ಲ, ಆದರೆ ನೀರಾವಿಯನ್ನೂ ಆರ್ಗಾನನ್ನೂ ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹೊರಗಡೆ ಪಾಲಿಸಲ್ಫೈಡ್, ಪಾಲಿಯುರೆಥೇನ್ ಅಥವಾ ಸಿಲಿಕೋನ್. ಅದು ಎಳೆತವನ್ನು ತಾಳುತ್ತ ಗಾಜುಗಳನ್ನು ಹಿಡಿದಿಡುತ್ತದೆ. ಸಿಲಿಕೋನ್ ಬಿಸಿಲಿಗೆ ಗಟ್ಟಿ, ನೀರಾವಿಗೆ ಸಡಿಲ. ಒಬ್ಬರಿಂದಾಗದ ಕೆಲಸವನ್ನು ಇಬ್ಬರು ಹಂಚಿಕೊಂಡಂತೆ. ಒಂದೇ ಅಂಟಿನ ಹಳೆಯ ಕಿಟಕಿಗಳು ಬೇಗ ಸೋತವು.

ನಿಂತ ನೀರು

ಇಷ್ಟೆಲ್ಲ ಹೇಳಿದ ಮೇಲೂ ಕಿಟಕಿಯನ್ನು ಹೆಚ್ಚಾಗಿ ಕೊಲ್ಲುವುದು ಬಿಸಿಲಲ್ಲ, ಗಾಳಿಯಲ್ಲ, ಚೌಕಟ್ಟಿನ ತಳದಲ್ಲಿ ನಿಂತ ನೀರು. ಮಳೆಯ ನೀರು ಎಷ್ಟು ಬಂದೋಬಸ್ತು ಮಾಡಿದರೂ ಚೌಕಟ್ಟಿನ ಸಂದಿಗೆ ಇಳಿದೇ ಇಳಿಯುತ್ತದೆ. ಹಾಗೆ ಇಳಿದದ್ದು ಹೊರಕ್ಕೆ ಹರಿದುಹೋಗಲು ತಳದಲ್ಲಿ ಕಿಂಡಿಗಳಿರಬೇಕು. ಗಾಜಿನ ಪೆಟ್ಟಿಗೆ ನೇರವಾಗಿ ಚೌಕಟ್ಟಿನ ಮೇಲೆ ಕೂರದೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಕೂರಬೇಕು. ಕಿಂಡಿಗೆ ಧೂಳು ತುಂಬಿದರೆ, ಜೇಡ ಗೂಡು ಕಟ್ಟಿದರೆ, ಬಣ್ಣ ಬಳಿಯುವವನು ಅದನ್ನೂ ಸೇರಿಸಿ ಬಳಿದುಬಿಟ್ಟರೆ ಅಂಟು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತದೆ. ಹಳೆಯ ಮರದ ಚೌಕಟ್ಟಿಗೆ ಅಗಸೆ ಎಣ್ಣೆಯಲ್ಲಿ ನಾದಿದ ಪುಟ್ಟಿ ಹಾಕಿ ಜೋಡಿ ಗಾಜನ್ನು ಕೂಡಿಸಿದವರ ಪಾಡೂ ಇದೇ. ಎಣ್ಣೆ ಅಂಟನ್ನು ಮೆತ್ತಗೆ ಮಾಡಿಬಿಡುತ್ತದೆ.

ಅಮೆರಿಕದ ತಯಾರಕರ ಸಂಘ 1980ರಲ್ಲಿ ಹಲವು ನಗರಗಳ ಕಟ್ಟಡಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜೋಡಿ ಗಾಜುಗಳನ್ನು ಗುರುತಿಟ್ಟು ಇಪ್ಪತ್ತೈದು ವರ್ಷ ಗಮನಿಸಿತು. ಕಾರ್ಖಾನೆಯ ಕಠಿಣ ಪರೀಕ್ಷೆ ದಾಟಿದವು ಕಡಿಮೆ ಸೋತವು. ನೀರು ಹರಿದುಹೋಗದ ಚೌಕಟ್ಟಿನಲ್ಲಿದ್ದವು ಹೆಚ್ಚು ಸೋತವು. ಯೂರೋಪಿನಲ್ಲಿ ಇಎನ್ 1279 ಎಂಬ ಮಾನದಂಡವಿದೆ. ಅದರ ಪ್ರಕಾರ ಮಾದರಿ ಗಾಜನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನಿಂದ 53 ಡಿಗ್ರಿಯವರೆಗೆ 56 ಸಲ ಏರಿಳಿಸಿ, ಬಳಿಕ ಏಳು ವಾರ 58 ಡಿಗ್ರಿಯ ಹಬೆಯಂಥ ಗಾಳಿಯಲ್ಲಿ ಇಟ್ಟು ಮಣಿಗಳು ಎಷ್ಟು ನೀರು ಕುಡಿದವೆಂದು ತೂಗುತ್ತಾರೆ. ತುಂಬಿದ ಆರ್ಗಾನ್ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ ಸೋರಬೇಕು.

ಈ ಸೋರಿಕೆ ಕಣ್ಣಿಗೆ ಕಾಣದು. ಆರ್ಗಾನ್ ಗಾಳಿಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಾಖವನ್ನು ದಾಟಿಸುತ್ತದೆ ಎಂದೇ ಅದನ್ನು ತುಂಬುವುದು. ಜೊತೆಗೆ ಗಾಜಿನ ಒಳಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪವಿರುತ್ತದೆ. ಅದು ಕೋಣೆಯ ಶಾಖವನ್ನು ಹಿಂದಕ್ಕೆ ತಿರುಗಿಸುತ್ತದೆ. ಮೊಹರು ಸೋತು ತೇವ ಹೊಕ್ಕರೆ ಈ ಬೆಳ್ಳಿಯೂ ಕರಗಟ್ಟಿ ಕಲೆಯಾಗುತ್ತದೆ. ಲೇಪ ಇದೆಯೋ ಇಲ್ಲವೋ ಎಂದು ತಿಳಿಯಲು ಸುಲಭವಾದ ಉಪಾಯವುಂಟು. ರಾತ್ರಿ ಹೊತ್ತು ಕಿಟಕಿಯ ಮುಂದೆ ಮೇಣದ ಬತ್ತಿ ಹಿಡಿದರೆ ಎರಡು ಗಾಜಿನ ನಾಲ್ಕು ಮುಖಗಳಿಂದ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಲೇಪ ಅಲ್ಲಿದೆ.

ನೂರು ವರ್ಷದ ಕಿಟಕಿ, ಇಪ್ಪತ್ತು ವರ್ಷದ ಕಿಟಕಿ

ಹಾಗಾದರೆ ಆಯುಸ್ಸಿನ ಲೆಕ್ಕ? ಒಳ್ಳೆಯ ಕಾರ್ಖಾನೆಯಲ್ಲಿ ಮಾಡಿ, ನೀರು ನಿಲ್ಲದ ಚೌಕಟ್ಟಿನಲ್ಲಿ ಕೂಡಿಸಿದ್ದು ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತದೆ. ಮೂವತ್ತು ದಾಟಿದವೂ ಉಂಟು. ಕೆಟ್ಟ ಕೆಲಸವಾದರೆ ಐದಾರು ವರ್ಷಕ್ಕೇ ಮಂಜು. ಬ್ರಿಟನ್ನಿನಲ್ಲಿ ಹತ್ತು ವರ್ಷದ ಖಾತರಿ ಸಾಮಾನ್ಯ. ಆದರೆ ಖಾತರಿ ಕೊಟ್ಟ ಕಂಪನಿ ಹತ್ತು ವರ್ಷ ಬಾಳಬೇಕಲ್ಲ! ಬಾಗಿಲು ತಟ್ಟಿ ಮಾರಿದ ಸಣ್ಣ ಕಂಪನಿಗಳು ಮುಚ್ಚಿ, ಖಾತರಿ ಪತ್ರ ಬರಿಯ ಕಾಗದವಾದ ಅನುಭವ ಅಲ್ಲಿನ ಎಷ್ಟೋ ಮನೆಯವರದು.

ಇಲ್ಲೇ ಒಂದು ಇರುಸುಮುರುಸು. ವಿಕ್ಟೋರಿಯ ರಾಣಿಯ ಕಾಲದ ಮನೆಗಳ ಮೇಲೆ ಕೆಳಗೆ ಜಾರುವ ಮರದ ಕಿಟಕಿಗಳು ನೂರು ವರ್ಷ ದಾಟಿಯೂ ಇವೆ. ಹಗ್ಗ ಹರಿದರೆ ಹಗ್ಗ, ಗಾಜು ಒಡೆದರೆ ಗಾಜು, ಮರದ ತುಂಡು ಕೊಳೆತರೆ ಅಷ್ಟೇ ತುಂಡು ಎಂದು ಬಡಗಿ ಬಂದು ರಿಪೇರಿ ಮಾಡುತ್ತಿದ್ದ. ಚಳಿಗೆ ಅವು ಜರಡಿ, ನಿಜ. ಆದರೆ ಅವನ್ನು ಕಿತ್ತು ಪಿವಿಸಿ ಚೌಕಟ್ಟಿನ ಜೋಡಿ ಗಾಜು ಹಾಕಿದ ಮನೆಗಳು ಎಂಬತ್ತರ ದಶಕದಿಂದೀಚೆಗೆ ಎರಡನೆಯ ಸಲ, ಕೆಲವು ಮೂರನೆಯ ಸಲ ಕಿಟಕಿ ಬದಲಿಸಿವೆ. ಹಳೆಯ ಕಿಟಕಿಯನ್ನು ಹಾಗೆಯೇ ಉಳಿಸಿ ಒಳಗಡೆ ಇನ್ನೊಂದು ತೆಗೆಯಬಹುದಾದ ಗಾಜು ನಿಲ್ಲಿಸುವುದೂ ಉಂಟು. ರಷ್ಯದ ಅಜ್ಜಿಯರ ಉಪಾಯವೇ ಬೇರೆ ವೇಷದಲ್ಲಿ. ಒಳ್ಳೆಯ ಮರದ ಕಿಟಕಿ ಇರುವವರಿಗೆ ಅದೇ ಹೆಚ್ಚು ಜಾಣತನದ ದಾರಿ ಎಂದು ತೋರುತ್ತದೆ.

ಮೊಹರು ಸೋತಾಗ ಇಡೀ ಕಿಟಕಿಯನ್ನೇ ಬದಲಿಸಬೇಕೆಂದು ಮಾರುವವರು ಒತ್ತಾಯಿಸುವುದುಂಟು. ಚೌಕಟ್ಟು ನೆಟ್ಟಗಿದ್ದರೆ ಅದರ ಅಗತ್ಯವಿಲ್ಲ. ಗಾಜಿನ ಪೆಟ್ಟಿಗೆಯನ್ನಷ್ಟೇ ಅಳತೆ ಕೊಟ್ಟು ಮಾಡಿಸಿ ಕೂಡಿಸಿದರೆ ಸಾಕು.

ಅಂಟಿನ ಗೊಡವೆಯನ್ನೇ ತಪ್ಪಿಸುವ ದಾರಿಯೂ ಒಂದಿದೆ. ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಕಾಲಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಎರಡು ಗಾಜಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಅಂಚನ್ನು ಗಾಜಿನಿಂದಲೇ ಬೆಸೆದು, ಗಾಳಿಯನ್ನು ಪೂರ್ತಿ ಹೀರಿ ನಿರ್ವಾತ ಮಾಡಿ ತೋರಿಸಿದರು. ನಮ್ಮ ಥರ್ಮಾಸ್ ಫ್ಲಾಸ್ಕಿನ ತತ್ವವೇ. ಗಾಜುಗಳು ಒಂದಕ್ಕೊಂದು ಅಂಟದಂತೆ ನಡುವೆ ಸಾಸಿವೆಗಿಂತ ಸಣ್ಣ ಕಂಬಗಳ ಸಾಲು. ಜಪಾನಿನಲ್ಲಿ 1997ರಿಂದ ಇದು ಮಾರಾಟವಾಗುತ್ತಿದೆ, ಬೆಲೆ ಮಾತ್ರ ಜಾಸ್ತಿ.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲೂ ಈಗ ಜೋಡಿ ಗಾಜು ಕಾಣುತ್ತದೆ. ರಸ್ತೆಯ ಗಲಾಟೆ ತಡೆಯಲು ಅದು ಉಪಯೋಗವೇ. ಬಿಸಿಲಿನ ವಿಚಾರಕ್ಕೆ ಬಂದರೆ ಕಿಟಕಿಯ ಮೇಲೊಂದು ಒಳ್ಳೆಯ ಸಜ್ಜಾ, ಎದುರಿಗೊಂದು ಹೊಂಗೆ ಮರ ಮಾಡುವಷ್ಟು ಕೆಲಸವನ್ನು ಮಾಮೂಲಿ ಜೋಡಿ ಗಾಜು ಮಾಡಲಾರದು. ಮಲೆನಾಡಿನಲ್ಲಿ, ಮಡಿಕೇರಿಯಂಥ ಊರಿನಲ್ಲಿ ಮನೆ ಕಟ್ಟುವವರು ಹಾಕಿಸುವುದಾದರೆ ಆರ್ಗಾನ್ ಇದೆಯೇ ಎಂದು ಕೇಳುವ ಮುಂಚೆ ಚೌಕಟ್ಟಿನ ತಳದ ಕಿಂಡಿ ತೋರಿಸಿ ಎನ್ನಬೇಕು. ಎಂಥ ಎತ್ತರದ ಊರಿನಲ್ಲಿ ಮೊಹರು ಮಾಡಿದ್ದು ಎಂದೂ ಕೇಳಬಹುದು. ಅಂಗಡಿಯವನು ಒಮ್ಮೆ ಮುಖ ನೋಡಿಯಾನು.

ಇನ್ನು ಇಂಗ್ಲೆಂಡಿನ ರೂಮಿನಲ್ಲಿ ಗಾಜು ಒರೆಸಿ ಸೋತ ಹುಡುಗಿ. ಎರಡು ಗಾಜಿನ ನಡುವಿನ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಅನೇಕ ಕಿಟಕಿಗಳಲ್ಲಿ ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು, ಮಾನದಂಡದ ಸಂಖ್ಯೆ, ಮೊಹರು ಮಾಡಿದ ತಿಂಗಳು, ವರ್ಷ ಸಿಗುತ್ತವೆ. ಆ ತಾರೀಖಿನ ಫೋಟೋ ತೆಗೆದು ಮನೆಯ ಮಾಲೀಕರಿಗೆ ಕಳಿಸಿದರೆ, ಖಾತರಿ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದು ಅವರಿಗೇ ತಿಳಿಯುತ್ತದೆ.